ಕೊಡವದ ಬೂಟು

"ಅಣ್ಣಾ, ಇದ್ಯಾರ ಕಾಲು?" ಕಿರಿಯ ಮಾಲಿ ಬೆತೊ ನೆಲದತ್ತ ಕೈ ತೋರಿಸಿದಾಗ ಹಿರಿಯ ಮಾಲಿ ಎವರಿಸ್ಟೊನ ಕಿವಿ ಬಿಸಿಯಾಯಿತು. ಅರಿಜೋನಾದ ಮೊದಲ ಮಂಜಿಗೆ ಬೇಸಿಗೆಯ ಹುಲ್ಲೆಲ್ಲ ಕಂದಿ ಗಾಲ್ಫ್ ಮೈದಾನ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಎಳೆಹಸಿರು ಹುಲ್ಲಿನ ಬೂಟುಗುರುತುಗಳು, ಚೆಂಡು ಬೀಳುವ ಗುಳಿಯ ಸುತ್ತ ಬಿತ್ತಿದ ನೆಲದಿಂದ ಹೊರಟು ಕ್ಲಬ್ಬಿನ ಅಡುಗೆಮನೆಯ ಹಿಂಬಾಗಿಲವರೆಗೆ ಸಾಲಾಗಿ ಮೊಳೆತಿದ್ದವು. ಚಳಿಗಾಲದ ಹುಲ್ಲಿನ ಬೀಜ ಎರಚಿದವರು ಬೂಟು ಕೊಡವಿಕೊಂಡೇ ಹೊರಗೆ ಕಾಲಿಡಬೇಕು, ಇಲ್ಲದಿದ್ದರೆ ಹೋದಲ್ಲೆಲ್ಲ ಹುಲ್ಲು ಹುಟ್ಟುತ್ತದೆ. ಈ ಪಾಠವನ್ನು ಎಲ್ಲರಿಗೂ ಹೇಳಿಕೊಟ್ಟವನೇ ಎವರಿಸ್ಟೊ.

"ಅಡುಗೆಯ ರಮೋನಾ ಯಾರು ಅಂತಾನೇ ಗೊತ್ತಿಲ್ಲ ಅಂದಿದ್ಯಲ್ಲ! ನಿನ್ನ ಬೂಟಿಗೆ ಚೆನ್ನಾಗೇ ಗೊತ್ತು ಬಿಡು," ಬೆತೊ ಹೊಟ್ಟೆ ಹಿಡಿದು ನಕ್ಕ. "ಔಷಧಿ ಹೊಡೆದು ಈ ಗುರುತು ಒಣಗಿಸಿಬಿಡ್ಲಾ?"

ಎವರಿಸ್ಟೊ ಮುಖ ತಿರುಗಿಸಿದ. ಸ್ವಲ್ಪ ಆಚೆಗೆ ಅವನಿಗೆ ಇನ್ನೊಂದು ಸಾಲು ಕಂಡಿತ್ತು: ಪುಟ್ಟ ಚಪ್ಪಲಿಯ ಹಸಿರು ಗುರುತುಗಳು, ಅದೇ ಬಿತ್ತಿದ ನೆಲದಿಂದ ಅದೇ ಹಿಂಬಾಗಿಲಿಗೆ. ತಮಾಲೆ ಕಡುಬಿನ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊಸ್ತಿಲಿಗೆ ಬಂದ ರಮೋನಾಳೂ ಅದನ್ನು ನೋಡಿದಳು, ಸೆರಗಿಲ್ಲದ್ದಕ್ಕೆ ಏಪ್ರನ್ನಿನ ಅಂಚು ಹಿಂಡಿದಳು.

"ನಿಮಗೆ ಜ್ವರ ಬಂದಿತ್ತಲ್ಲ, ಆವತ್ತು ನಿಮ್ಮನ್ನ ಹುಡುಕ್ಕೊಂಡು ಬಂದಿದ್ದೆ," ಎವರಿಸ್ಟೊನತ್ತ ನೋಡಿ ಅಂದಳು. "ಸ್ವಲ್ಪ ಉಪ್ಪಿದ್ಯಾ ಅಂತ ಕೇಳೋಕೆ."