ಒದ್ದೆ ಹತ್ತಿ

ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಟೈಲರ್ ಚೆಲುವಯ್ಯನಿಗೆ ಸರ್ಜನ್ ಸಾಹೇಬರೆಂದರೆ ಸಾಕ್ಷಾತ್ ದೇವರು. ದಿನಕ್ಕೆ ಮೂರು ಸಲ ಬಂದು ಹೊಲಿಗೆ ನೋಡುವರು, ಇವನ ಮೈ ಬಿಸಿಯಾದರೆ ತಾವು ಬೆವರುವರು, ಒಣಗಿದ ತುಟಿಗೆ ತಮ್ಮ ಕೈಯಾರೆ ಒದ್ದೆ ಹತ್ತಿ ಸವರುವರು.

“ನಿಮಗೇನಾದರೂ ಆದರೆ ನಾನು ತಲೆಯೆತ್ತಿ ತಿರುಗೋ ಹಾಗಿಲ್ಲ,” ಎನ್ನುವರು.

“ಮದುವೆ ಕೋಟಿನ ಹೊಲಿಗೇನೂ ನಾನು ಇಷ್ಟು ಸಲ ತಿರುಗಿ ನೋಡಿದವನಲ್ಲ ಕಣೇ,” ಎಂದು ಚೆಲುವಯ್ಯ ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡ.

ತಿಂಗಳು ಕಳೆದ ಮೇಲೊಂದು ಬೆಳಿಗ್ಗೆ ಅವನಿಗೆ ಚಳಿಜ್ವರ ಹತ್ತಿತು, ಹೊಲಿಗೆಯ ಸುತ್ತ ಕೆಂಪಗೆ ಊದಿಕೊಂಡಿತು. ವಾರ್ಡಿಗೆ ಬಂದ ಸಾಹೇಬರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ದಿನವಷ್ಟೇ ಆಪರೇಷನ್ ಆಗಿದ್ದ ಪಕ್ಕದ ಮಂಚದವನ ಹಣೆ ಮುಟ್ಟಿ, ಅವನ ತುಟಿಗೆ ಒದ್ದೆ ಹತ್ತಿ ಸವರಿ, ಹಾಗೇ ಹೊರಟುಹೋದರು.

“ಸಿಸ್ಟರ್, ನಾನೇನು ತಪ್ಪು ಮಾಡಿದೆ?” ಚೆಲುವಯ್ಯ ನಡುಗುತ್ತ ಕೇಳಿದ.

ನರ್ಸ್ ಅವನಿಗೆ ಇನ್ನೊಂದು ಕಂಬಳಿ ಹೊದಿಸುತ್ತ ಹೇಳಿದಳು: “ತಪ್ಪೇನಿಲ್ಲ ಅಣ್ಣ. ಸಾಹೇಬರ ಸಂಶೋಧನೆಯಲ್ಲಿ ಆಪರೇಷನ್ ಆಗಿ ಮೂವತ್ತು ದಿನದೊಳಗೆ ಸತ್ತವರನ್ನ ಮಾತ್ರ ಲೆಕ್ಕಕ್ಕೆ ಹಿಡೀತಾರೆ. ನಿಮಗೆ ಇವತ್ತು ಮೂವತ್ತೊಂದನೇ ದಿನ.”