ಹೂವಯ್ಯನವರ ಪಥ್ಯ

"ನೋಡಿ ಮೇಡಂ, ಈಗಷ್ಟೇ ಊಟ ಮುಗಿಸಿದ್ರು!" ಎನ್ನುತ್ತ ಕೃಷ್ಣಪ್ರಸಾದ್ ಲ್ಯಾಪ್‌ಟಾಪನ್ನು ಧನ್ಯಶ್ರೀಯ ಕಡೆ ತಿರುಗಿಸಿದ. ಪರದೆಯ ಮೇಲೆ ಹೂವಯ್ಯನವರ ಹೆಸರಿನ ಪಕ್ಕದಲ್ಲಿ ಹಸಿರು ದೀಪ ಹೊತ್ತಿಕೊಂಡಿತ್ತು. ಕೆಳಗೆ ಆಗತಾನೇ ಬಂದ ಚಿತ್ರ: ಬಾಳೆಯ ಕುಡಿಎಲೆ, ಅದರ ಮೇಲೆ ಎರಡು ಚಪಾತಿ, ಹರಿವೆ ಸೊಪ್ಪಿನ ಪಲ್ಯ, ಹಿಡಿಯಷ್ಟು ಅನ್ನ.

ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು, ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಧನ್ಯಶ್ರೀಯ ಪಥ್ಯದ ಕ್ಲಿನಿಕ್ಕು. ವಾರಕ್ಕೊಮ್ಮೆ ಸಾಗರ, ಇನ್ನೊಮ್ಮೆ ಹೊಸನಗರ. ಸಂಜೆಯಾದರೆ ಒಬ್ಬೊಬ್ಬ ರೋಗಿಗೂ ಫೋನ್ ಮಾಡಿ, ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಕೇಳಿ ಕೇಳಿ ಅವಳ ಗಂಟಲು ಕಟ್ಟಿಹೋಗುತ್ತಿತ್ತು. ಅದಕ್ಕೇ ಒಂದು ಸಾಫ್ಟ್‌ವೇರ್ ಕೊಳ್ಳುವ ಯೋಚನೆ. ಮೊದಲು ನೋಡಿದವಕ್ಕೆ ಕಡುಬೂ ಗೊತ್ತಿರಲಿಲ್ಲ, ಕಳಲೆಯೂ ಗೊತ್ತಿರಲಿಲ್ಲ. ಕೃಷ್ಣಪ್ರಸಾದ್ ಮಾರಲು ತಂದದ್ದು ಮಾತ್ರ ಕನ್ನಡ ಬಲ್ಲದು. ಮಧ್ಯಾಹ್ನವಾದರೆ ರೋಗಿಯ ಫೋನಿನಲ್ಲಿ ಹೆಸರು ಹಿಡಿದು, "ಊಟ ಆಯ್ತಾ?" ಎಂದು ಕೇಳುತ್ತದೆ. ಊಟದ ಚಿತ್ರ ಕಳಿಸಿದರೆ ಪಥ್ಯಕ್ಕೆ ಹಸಿರು ದೀಪ, ಅಪಥ್ಯಕ್ಕೆ ಕೆಂಪು. ಪರೀಕ್ಷೆಗೆಂದು ಕೆಲವರನ್ನು ಅದಕ್ಕೆ ಒಪ್ಪಿಸಿ, ಅವರಿಗೆ ಫೋನ್ ಮಾಡುವುದನ್ನು ಧನ್ಯಶ್ರೀ ನಿಲ್ಲಿಸಿದ್ದಳು. ಇವತ್ತು ಹೂಂ ಎಂದರೆ ನಾಳೆಯಿಂದ ಉಳಿದವರೆಲ್ಲರೂ ಅದರ ಕೈಗೆ.

"ಇವರು ನಮ್ಮ ಹೂವಯ್ಯನವರೇನಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಬೆಲ್ಲದ ಡಬ್ಬಿ ಅಟ್ಟಕ್ಕೆ ಸೇರಿಸಿದ್ರೆ ಏಣಿ ಹಾಕ್ಕೊಂಡು ಹತ್ತಿದ ಪುಣ್ಯಾತ್ಮರು! ಮೊದಮೊದಲು ಬರೀ ಕೆಂಪೇ ಇತ್ತಲ್ಲ?"

"ಈಗ ನೋಡಿ, ಬರೀ ಹಸಿರು! ಮನುಷ್ಯರು ಬೈದ್ರೆ ಯಾರೂ ಸುಧಾರಿಸಲ್ಲ ಮೇಡಂ, ಮಿಷನ್ ಕೇಳಿದ್ರೆ ಸುಧಾರಿಸ್ತಾರೆ. ಬೇಕಾದ್ರೆ ಸ್ಪೀಕರ್ ಹಾಕಿ ಅವರ ಬಾಯಲ್ಲೇ ಕೇಳಿ."

ಧನ್ಯಶ್ರೀ ಸ್ಪೀಕರ್ ಹಾಕಿ ಹೂವಯ್ಯನವರ ಮನೆಗೆ ಫೋನ್ ಮಾಡಿದಳು. ಆ ಕಡೆ ಎತ್ತಿದ್ದು ಅವರ ಸೊಸೆ ಬಿಂದು.

"ಬಿಂದು, ಮಾವಯ್ಯ ಕೈ ತೊಳೆದಾಯ್ತಾ? ಸ್ವಲ್ಪ ಫೋನ್ ಕೊಡಿ, ಶಭಾಷ್ ಹೇಳ್ಬೇಕು ಅವರಿಗೆ."

"ಮೇಡಂ, ಮಾವಯ್ಯ ತೀರ್ಕೊಂಡ್ರಲ್ಲ. ಹೋದ ವಾರ, ನಿದ್ದೇಲೇ. ನಿಮಗೆ ಯಾರೂ ಹೇಳ್ಲೇ ಇಲ್ವಾ?"

ಧನ್ಯಶ್ರೀಯ ಕಣ್ಣೆದುರಿನ ಪರದೆಯಲ್ಲಿ ಅಕ್ಷರಗಳು ಮೂಡುತ್ತಿದ್ದವು: 'ಶಭಾಷ್ ಹೂವಯ್ಯನವರೇ, ಹೀಗೇ ಮುಂದುವರಿಸಿ!'

"ಹಾಗಾದ್ರೆ... ಈಗ ಬಂತಲ್ಲ, ಈ ಊಟ?"

"ಅದು ಎಡೆ ಮೇಡಂ. ಕಾರ್ಯ ಮುಗಿಯೋ ತನಕ ದಿನಾ ಅವರ ಹೆಸರಲ್ಲಿ ಒಂದು ಎಲೆ ಬಡಿಸಿಡ್ತೀವಲ್ಲ, ಅದು. ಇರಿ, ಅತ್ತೆಮ್ಮಂಗೆ ಕೊಡ್ತೀನಿ."

ಫೋನು ಕೈ ಬದಲಾಯಿತು. ಹೂವಯ್ಯನವರ ಹೆಂಡತಿ ಮೂಕಾಂಬಿಕಮ್ಮನ ದನಿಯಲ್ಲಿ ಅಳುವಿರಲಿಲ್ಲ, ಸಂಕೋಚವಿತ್ತು. "ನಾನೇ ಕಳಿಸು ಅಂದಿದ್ದು ತಂಗಿ, ಅವಳಿಗೆ ಬೈಬೇಡಿ. ಮಣ್ಣು ಮಾಡಿ ಬಂದ ಮಾರನೇ ದಿನ ಮನೇಲಿ ಎಲ್ಲ ಸುಮ್ಮನೆ ಕೂತಿದ್ವಿ. ಅವರ ಫೋನು ಕೂಗ್ತು, 'ಹೂವಯ್ಯನವರೇ, ಊಟ ಆಯ್ತಾ?' ಅಂತ. ಬಿಟ್ಟೂ ಬಿಡದೆ ಕೇಳ್ತು. ಊಟ ಆಯ್ತಾ ಅಂತ ಕೇಳಿದವರಿಗೆ ಉತ್ತರ ಕೊಡದೆ ಇರಕ್ಕಾಗತ್ತಾ? ಎಡೆ ಇಟ್ಟಾಗಿತ್ತು, ಆಯ್ತು ಅಂತ ಕಳಿಸಿದ್ವಿ. ಅವರ ಹೆಸರು ಹಿಡಿದು ಕೂಗೋರು ಈಗ ಅದೊಂದೇ ನೋಡಿ."

ಕೃಷ್ಣಪ್ರಸಾದ್ ಗಾಬರಿಯಿಂದ ಕೀಲಿಮಣೆಗೆ ಕೈ ಹಾಕಿ, "ಮೇಡಂ, ಅವರ ಅಕೌಂಟ್ ಈಗಲೇ ತೆಗೆದುಬಿಡ್ಲಾ?" ಎಂದು ಪಿಸುಗುಟ್ಟಿದ. ಧನ್ಯಶ್ರೀ ಬೇಡವೆಂದು ಕೈಯೆತ್ತಿದಳು. ಅವನು ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟ.

ಅವಳ ಕಣ್ಣು ಮಾತ್ರ ಆ ಕುಡಿಎಲೆಯಿಂದ ಕದಲಲಿಲ್ಲ. ಚಪಾತಿ ಎರಡೇ. ಅನ್ನ ಹಿಡಿಯಷ್ಟೇ. ಉಪ್ಪಿನಕಾಯಿಯಿಲ್ಲ, ಹಪ್ಪಳವಿಲ್ಲ, ಸಿಹಿಯ ಸುಳಿವಿಲ್ಲ.

"ಅಮ್ಮಾ, ಎಡೆಗೆ ಅವರಿಗೆ ಇಷ್ಟವಾದದ್ದನ್ನ ಇಡೋದಲ್ವಾ?"

"ಇಷ್ಟವಾದದ್ದೇ ಇಡ್ಬೇಕು. ಮೊದಲನೇ ದಿನ ಪಾಯಸ ಬಡಿಸಿದ್ವಿ. ಕೆಂಪು ದೀಪ ಬಂತು. ಬದುಕಿದ್ದಾಗ ಆ ಕೆಂಪು ಕಂಡ್ರೆ ಚಿಕ್ಕಮಕ್ಕಳ ಹಾಗೆ ಮುಖ ಸಣ್ಣ ಮಾಡ್ಕೊಂಡು ಕೂತ್ಬಿಡೋರು. ಹೋದ ಮೇಲೂ ಅವರಿಗೆ ಬೈಗುಳ ಬೇಡ ಅಂತ, ಅವತ್ತಿಂದ ನಿಮ್ಮ ಪಥ್ಯದ್ದೇ ಇಡ್ತಿದ್ದೀವಿ."

ಧನ್ಯಶ್ರೀ ಲ್ಯಾಪ್‌ಟಾಪನ್ನು ಮುಚ್ಚಿ ಕೃಷ್ಣಪ್ರಸಾದನ ಕಡೆ ತಳ್ಳಿದಳು. ಅವನು ಸದ್ದಾಗದಂತೆ ಅದನ್ನು ಚೀಲಕ್ಕೆ ಹಾಕಿಕೊಂಡ.

"ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು, ಒಳ್ಳೇ ಹೊತ್ತಿಗೆ ಫೋನ್ ಮಾಡಿದ್ರಿ," ಎಂದರು ಮೂಕಾಂಬಿಕಮ್ಮ. "ನಾಳೆ ಕಾರ್ಯ. ಅದೊಂದು ದಿನ ಅವರಿಗೆ ಪಾಯಸ ಬಡಿಸಬಹುದಾ, ತಂಗಿ?"

ಬಡಿಸಿ ಅಮ್ಮಾ, ಎಲೆ ತುಂಬ ಬಡಿಸಿ ಎಂದು ಹೇಳಲು ಧನ್ಯಶ್ರೀ ಬಾಯಿ ತೆರೆದಳು. ತೆರೆದ ಬಾಯಿಗೆ ಅಂಗೈ ಒತ್ತಿಕೊಂಡಳು.

ಆ ಕಡೆಯಿಂದ ಮೂಕಾಂಬಿಕಮ್ಮ ಒಂದು ಗಳಿಗೆ ಕಾದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಅರ್ಧ ಸೌಟು?"