ಗೂಡಿನ ಚೀಲ

ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡುವ ದಿನ, ಮಧ್ಯಾಹ್ನ ಮೂರು ಗಂಟೆಗೆ, ನಾನು ಕೋಡಿಹಳ್ಳಿಯ ನಮ್ಮ ಹುಳುಮನೆಯ ಬಾಗಿಲಿನಿಂದ ಎರಡು ಹೆಜ್ಜೆ ಈಚೆಗೆ ನಿಂತಿದ್ದೆ. ನನಗಾಗ ಎಂಟು ವರ್ಷ. ರೇಷ್ಮೆಗೂಡು ತುಂಬುವ ಗೋಣಿಚೀಲದ ವಾಸನೆ ಈಗಲೂ ನನ್ನನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ.

ಕೆಲಸಕ್ಕೆ ಬಂದ ಹೆಂಗಸರನ್ನು ಕಂಡು ನಮ್ಮ ನಾಯಿ ಕೆಂಚ ಬೆಳಗಿನಿಂದ ಬೊಗಳುತ್ತಲೇ ಇತ್ತು. ಪಕ್ಕದ ಮನೆಯ ಸಾಕತ್ತೆಯ ಮಗಳು ಹೆತ್ತು ಒಂಬತ್ತು ದಿನವಾಗಿತ್ತು. ಸಾಕತ್ತೆ ಬೇಲಿಯ ಹತ್ತಿರ ಬಂದು ಅಪ್ಪನಿಗೆ ಹೇಳಿದರು: "ಕೂಸು ನಿದ್ದೆ ಹೋಯ್ತು ಅನ್ನೋದ್ರೊಳ್ಗೆ ಇದು ಬಾಯ್ ತೆಗೀತದೆ ಕಣಣ್ಣ. ನಿನ್ನ ಹುಳ ಮಾತ್ರ ನೆಮ್ಮದಿಯಾಗಿರ್ಬೇಕಾ?"

ಅಪ್ಪ ನೇರ ಹುಳುಮನೆಯೊಳಗೆ ಹೋದರು. ಗೂಡಿನ ಖಾಲಿ ಚೀಲ ತಂದರು. ನಾಯಿಯನ್ನು ದೂರ ಬಿಟ್ಟು ಬರುವಾಗ ಚೀಲದಲ್ಲಿ ಹಾಕುವುದು ನಮ್ಮ ಕಡೆಯ ರೂಢಿ. ದಾರಿ ಕಂಡರೆ ತಿರುಗಿ ಬರುತ್ತದಂತೆ. ಅಪ್ಪ ಹಿಡಿಯಲು ಹೋದರೆ ಕೆಂಚ ಸಿಗಲಿಲ್ಲ.

"ನೀನ್ ಕರಿ, ಬತ್ತದೆ," ಎಂದರು.

ನಾನು ಚೀಲದ ಬಾಯಿ ಅಗಲಿಸಿ ಹಿಡಿದು ಕರೆದೆ. ಅದು ಬಾಲ ಆಡಿಸುತ್ತ ತಾನಾಗಿಯೇ ಒಳಗೆ ನಡೆದು ಬಂತು. ಆಮೇಲೆ ಒಂದು ಸಲವೂ ಬೊಗಳಲಿಲ್ಲ.

"ಕಟ್ಟಾಕ್ಲಿ ಅಂತ ಅಂದೆ ಕಣಣ್ಣ, ಬುಟ್ಬುಟ್ ಬಾ ಅಂದ್ನಾ?" ಎಂದರು ಸಾಕತ್ತೆ. ಅಷ್ಟರಲ್ಲಿ ಅಪ್ಪ ಚೀಲವನ್ನು ಗಾಡಿಯ ಮೇಲಿಟ್ಟು ಉಯ್ಯಂಬಳ್ಳಿ ಕಡೆ ತಿರುಗಿಸಿದ್ದರು.

ಆ ಹೊತ್ತಿನಲ್ಲಿ ಕೆಲಸದ ಹೆಂಗಸರೆಲ್ಲ ಹುಳುಮನೆಯೊಳಗಿದ್ದರು. ಅಪ್ಪ ಈಗಿಲ್ಲ. ಕೆಂಚ ನನ್ನ ಕರೆಗೆ ಚೀಲದೊಳಗೆ ಬಂದದ್ದನ್ನು ಕಣ್ಣಾರೆ ಕಂಡವರಲ್ಲಿ ನನ್ನ ಹೊರತು ಬದುಕಿರುವುದು ಸಾಕತ್ತೆ ಒಬ್ಬರೇ. ಊರಿಗೆ ಹೋದಾಗ ಅವರ ಜಗುಲಿಯ ಮೇಲೆ ಕೂರುತ್ತೇನೆ. ಬೀದಿಯಲ್ಲಿ ನಾಯಿ ಬೊಗಳಿದರೆ, ಅದು ತಾನಾಗಿ ನಿಲ್ಲಿಸುವ ತನಕ ಇಬ್ಬರೂ ಮಾತಾಡುವುದಿಲ್ಲ.